ಬೀದಿಮರಕ್ಕೂ ಒಂದು ಪಾತಿ

ಅಶೋಕ ಚಕ್ರವರ್ತಿ ಏನು ಮಾಡಿದ? ಈ ಪ್ರಶ್ನೆಗೆ ಪ್ರಾಥಮಿಕ ಶಾಲೆಯ ಮಕ್ಕಳೂ ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಾರೆ. ರಸ್ತೆಯ ಎರಡೂ ಬದಿಗೆ ಸಾಲುಮರಗಳನ್ನು ನೆಡಿಸಿದ. ಒಂದು ಅಂಕ ಬಂತು, ಪುಸ್ತಕ ಮುಚ್ಚಿದ್ದಾಯಿತು. ಆದರೆ ಆ ಚಕ್ರವರ್ತಿ ಕೆತ್ತಿಸಿದ್ದು ಅಷ್ಟನ್ನೇ ಅಲ್ಲ. ಈಗ ದೆಹಲಿಯಲ್ಲಿ ನಿಂತಿರುವ ಟೋಪ್ರಾ ಸ್ತಂಭದ ಮೇಲಿನ ಶಾಸನದಲ್ಲಿ ಆಲದ ಮರ, ಮಾವಿನ ತೋಪುಗಳ ಬೆನ್ನಿಗೇ ಬಾವಿಗಳ, ತಂಗುದಾಣಗಳ, ಅರವಟ್ಟಿಗೆಗಳ ಮಾತೂ ಬರುತ್ತದೆ. ನೆರಳು ಒಂದು ಕಡೆ, ನೀರು ಇನ್ನೊಂದು ಕಡೆ ಎಂದು ಅವನು ಬೇರೆ ಬೇರೆ ಮಾಡಲಿಲ್ಲ. ರಸ್ತೆ ಎಂದರೆ ಮರವೂ ಹೌದು, ನೀರೂ ಹೌದು.

ತುಮಕೂರಿನಲ್ಲಿ ಅದೇ ಚಕ್ರವರ್ತಿಯ ಹೆಸರಿನ ರಸ್ತೆಯೊಂದಿದೆ. ಬಸ್ ನಿಲ್ದಾಣದ ಗದ್ದಲ, ಅಂಗಡಿ ಸಾಲು, ಆಟೋಗಳ ಸಂದಣಿಯ ಅಶೋಕ ರಸ್ತೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪರೀಕ್ಷೆ ಮುಗಿಸಿ ಬರುವ ಹುಡುಗ ಹುಡುಗಿಯರು ನೋಟ್‌ಬುಕ್ಕನ್ನೇ ಕೊಡೆ ಮಾಡಿಕೊಂಡು ನಡೆಯುವುದನ್ನು ಅಲ್ಲಷ್ಟೇ ಅಲ್ಲ, ನಾಡಿನ ಯಾವ ಪೇಟೆ ಬೀದಿಯಲ್ಲಿ ಬೇಕಾದರೂ ನೋಡಬಹುದು. ಅದೇ ಮಕ್ಕಳು ಮೇ ತಿಂಗಳಲ್ಲಿ ಮುಂಗಾರುಪೂರ್ವ ಮಳೆ ಒಂದು ಗಂಟೆ ಸುರಿದರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅದೇ ಬೀದಿಯನ್ನು ದಾಟಬೇಕು. ಬಿಸಿಲಿದ್ದಾಗ ನೆರಳಿಲ್ಲ, ಮಳೆ ಬಂದಾಗ ನೆಲವಿಲ್ಲ. ಇವೆರಡೂ ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ನಿಜವಾಗಿ ಇವು ಒಂದೇ ತಪ್ಪಿನ ಎರಡು ಮುಖಗಳು. ಮರಕ್ಕೆ ಬೇಕಾದ ನೀರನ್ನು ಚರಂಡಿಗೆ ಅಟ್ಟಿ, ನೀರು ಇಂಗಬೇಕಾದ ನೆಲಕ್ಕೆ ಸಿಮೆಂಟು ಹೊಚ್ಚಿದ ತಪ್ಪು ಅದು.

2016ರ ಸೆಪ್ಟೆಂಬರ್‌ನಲ್ಲಿ ತುಮಕೂರು ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಮುಂದಿನ ವರ್ಷಗಳಲ್ಲಿ ಎಂ.ಜಿ. ರಸ್ತೆ, ಅಶೋಕ ರಸ್ತೆ, ಜೆ.ಸಿ. ರಸ್ತೆ ಮೊದಲಾದ ಪೇಟೆಯ ಬೀದಿಗಳೆಲ್ಲ ಅಗೆತಕ್ಕೆ ಒಳಗಾದವು. ಅಮಾನಿಕೆರೆಯ ದಂಡೆಗೂ ಹೊಸ ರೂಪ ಕೊಡುವ ಕೆಲಸ ನಡೆಯಿತು. ಇಡೀ ದೇಶದ ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಅದರ ಜಮಾ ಖರ್ಚನ್ನು ಲೆಕ್ಕ ಪರಿಶೋಧಕರು ನೋಡಿಕೊಳ್ಳಲಿ. ಓದುವ ಮಕ್ಕಳು, ಅವರ ತಂದೆ ತಾಯಿಯರು ಯೋಚಿಸಬೇಕಾದ ವಿಷಯ ಇನ್ನೊಂದಿದೆ. ಪೇಟೆಯ ರಸ್ತೆಯೊಂದನ್ನು ಬುಡದಿಂದ ಅಗೆದು ಕಟ್ಟುವುದು ಇಪ್ಪತ್ತು, ಮೂವತ್ತು ವರ್ಷಕ್ಕೊಮ್ಮೆ. ಇಂದು ಒಂದನೇ ತರಗತಿಗೆ ಸೇರುವ ಮಗು ದೊಡ್ಡದಾಗಿ, ತನ್ನ ಮಗುವಿನ ಕೈ ಹಿಡಿದು ಶಾಲೆಗೆ ಬಿಡಲು ಬರುವಾಗಲೂ ಬಹುಶಃ ಅದೇ ರಸ್ತೆಯ ಮೇಲೆ ನಡೆಯುತ್ತದೆ. ಹಾಗಾಗಿ ಮುಂದಿನ ಬೀದಿ ಹೇಗಿರಬೇಕು ಎಂಬುದು ಎಂಜಿನಿಯರುಗಳ ಮಾತು ಮಾತ್ರವಲ್ಲ. ಗುಬ್ಬಿಯ ಪೇಟೆಬೀದಿ, ಕುಣಿಗಲ್ಲಿನ ಪೇಟೆಬೀದಿಗಳ ಸರದಿಯೂ ಒಂದು ದಿನ ಬರುತ್ತದೆ.

ಒಂದು ಸಣ್ಣ ಲೆಕ್ಕ

ಏಳನೇ ತರಗತಿಯ ಗಣಿತ ಸಾಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಪೇಟೆಯ ಒಂದು ಬೀದಿ 1 ಕಿಲೋಮೀಟರ್ ಉದ್ದ, 12 ಮೀಟರ್ ಅಗಲ ಇದೆ ಎಂದುಕೊಳ್ಳಿ. ವಿಸ್ತೀರ್ಣ 12,000 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್‌ನ ಒಂದು ಸಾಧಾರಣ ಮಳೆ ಬಿದ್ದರೆ 1,20,000 ಲೀಟರ್ ನೀರಾಯಿತು. ಬೇಸಿಗೆಯಲ್ಲಿ ಬೀದಿ ಬೀದಿ ಸುತ್ತುವ 6,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಟ್ಯಾಂಕರ್. ಇದು ರಸ್ತೆಯ ಮೇಲೆ ಬಿದ್ದ ನೀರು ಮಾತ್ರ. ಎರಡೂ ಬದಿಯ ಅಂಗಡಿಗಳ ತಾರಸಿಯಿಂದ ಧುಮುಕುವ ನೀರು ಬೇರೆ.

ತುಮಕೂರು ಜಿಲ್ಲೆ ಮಳೆಯ ವಿಷಯದಲ್ಲಿ ಸಿರಿವಂತ ಜಿಲ್ಲೆಯಲ್ಲ. ವರ್ಷಕ್ಕೆ 600 ಮಿಲಿಮೀಟರ್ ಎಂದು ಕೈ ಬಿಗಿಹಿಡಿದೇ ಲೆಕ್ಕ ಹಾಕಿದರೂ ಆ ಒಂದು ಕಿಲೋಮೀಟರ್ ಬೀದಿಯ ಮೇಲೆ ಬೀಳುವ ನೀರು 72 ಲಕ್ಷ ಲೀಟರ್. ನಗರದ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಬೇಕು ಎಂಬ ಸರ್ಕಾರಿ ಅಳತೆಗೋಲಿನಲ್ಲಿ ನೋಡಿದರೆ ಇದು ಸುಮಾರು 146 ಜನರ ಇಡೀ ವರ್ಷದ ನೀರು. ಲಕ್ಷಗಟ್ಟಲೆ ಜನರಿರುವ ನಗರಕ್ಕೆ ಇದೇನೂ ದೊಡ್ಡದಲ್ಲ. ಬೀದಿಯ ನೀರನ್ನು ಕುಡಿಯಲೂ ಆಗದು. ಹಾಗಾಗಿ ಹೇಮಾವತಿಯ ಬದಲಿಗೆ ಬೀದಿ ನೀರು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಆದರೆ ಬೀದಿಯ ಮರಗಳಿಗೆ, ಬೀದಿಯಡಿಯ ನೆಲಕ್ಕೆ, ಸುತ್ತಲಿನ ಕೊಳವೆಬಾವಿಗಳಿಗೆ 72 ಲಕ್ಷ ಲೀಟರ್ ಎಂದರೆ ಸಣ್ಣ ಮಾತಲ್ಲ.

ಹೇಮಾವತಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ತುಮಕೂರು ಕುಡಿಯುವುದು ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುವ ನೀರನ್ನು. ಅದೇ ನಾಲೆಯ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿಯ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಕುಣಿಗಲ್ಲಿನವರು ತಮ್ಮ ಪಾಲು ಬರಲಿಲ್ಲ ಎನ್ನುತ್ತಾರೆ. ಗುಬ್ಬಿಯವರು ತಮ್ಮ ಪಾಲು ಹೋಗುತ್ತದೆ ಎನ್ನುತ್ತಾರೆ. ಇಬ್ಬರದೂ ಬಾಯಾರಿಕೆಯೇ. ಆ ವ್ಯಾಜ್ಯವನ್ನು ಬೀದಿಯ ಗಿಡಗಳು ಬಗೆಹರಿಸುವುದಿಲ್ಲ. ಆದರೆ ಬೇರೆ ಜಿಲ್ಲೆಯ ನೀರಿಗಾಗಿ ನೆರೆಹೊರೆಯ ಎರಡು ತಾಲ್ಲೂಕುಗಳು ಕಾದಾಡುವ ನಾಡಿನಲ್ಲಿ, ಮನೆಮುಂದೆ ಬಿದ್ದ ಮಳೆಯನ್ನು ಮೋರಿಗೆ ಬಿಟ್ಟು ಕೈ ತೊಳೆದುಕೊಳ್ಳುವುದು ಯಾವ ಜಾಣತನ?

ತೆಂಗಿಗೆ ಇದೆ, ಬೀದಿಗೆ ಇಲ್ಲ

ಗುಬ್ಬಿ, ತಿಪಟೂರು ಕಡೆ ತೆಂಗಿನ ತೋಟಕ್ಕೆ ಹೋದರೆ ಪ್ರತಿ ಮರದ ಬುಡದಲ್ಲೂ ಒಂದು ಪಾತಿ ಕಾಣುತ್ತದೆ. ಬುಡದ ಸುತ್ತ ತಗ್ಗು, ತಗ್ಗಿನ ಸುತ್ತ ಸಣ್ಣ ಬದು, ಒಳಗೆ ಗರಿ, ಸಿಪ್ಪೆಯ ಹೊದಿಕೆ. ಬಿದ್ದ ಮಳೆ ಅಲ್ಲೇ ನಿಂತು, ಅಲ್ಲೇ ಇಂಗಿ, ಅಲ್ಲೇ ಬೇರಿಗೆ ಸೇರಬೇಕು. ಮರದ ಬುಡವನ್ನು ದಿಬ್ಬ ಮಾಡಿ, ಸುತ್ತ ಗಾರೆ ಮೆತ್ತಿ, ನೀರನ್ನು ಹೊರಗೆ ಹರಿಸುವ ರೈತ ಎಲ್ಲಾದರೂ ಇದ್ದಾನೆಯೇ? ಇದ್ದರೆ ಊರೇ ನಗುತ್ತದೆ. ಆದರೆ ಪೇಟೆಯ ಬೀದಿಯಲ್ಲಿ ನಡೆಯುವುದು ಅದೇ. ಬೀದಿಮರ ಎತ್ತರದ ಫುಟ್‌ಪಾತ್ ಮೇಲಿರುತ್ತದೆ. ಅದರ ಕತ್ತಿನವರೆಗೂ ಕಾಂಕ್ರೀಟು ಅಥವಾ ಹೆಂಚುಕಲ್ಲು. ನೀರು ಹರಿಯುವುದು ಕೆಳಗಿನ ರಸ್ತೆಯಲ್ಲಿ. ಅಲ್ಲಿಂದ ನೇರ ಚರಂಡಿಗೆ, ಚರಂಡಿಯಿಂದ ಕೊಳೆಯ ಸಮೇತ ಊರ ಕೆರೆಗೆ.

ಬಾಯಾರಿದ ಬೇರು ಸುಮ್ಮನೆ ಕೂಡುವುದಿಲ್ಲ. ಗಾಳಿ ನೀರು ಎಲ್ಲಿ ಸಿಕ್ಕೀತೆಂದು ಫುಟ್‌ಪಾತ್ ಕಲ್ಲಿನ ಅಡಿಯ ಸಂದಿಯಲ್ಲಿ ನುಗ್ಗುತ್ತದೆ, ಕಲ್ಲನ್ನು ಎತ್ತುತ್ತದೆ. ಆಗ ಮರವೇ ಫುಟ್‌ಪಾತ್ ಹಾಳುಮಾಡಿತು ಎಂದು ಅದರ ಬೇರು ಕಡಿಯುತ್ತಾರೆ. ಬೇರು ಕಡಿದ ಮರ ಮುಂದಿನ ಬಿರುಗಾಳಿಗೆ ಆಟೋದ ಮೇಲೆ ಬೀಳುತ್ತದೆ. ಆಗ ಪೇಟೆಯಲ್ಲಿ ಮರವೇ ಬೇಡ ಎನ್ನುತ್ತಾರೆ. ತಪ್ಪು ಮಾಡಿದ್ದು ಗಾರೆ, ದಂಡ ತೆತ್ತದ್ದು ಮರ! ಇದನ್ನು ಕಂಡೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟನ್ನೆಲ್ಲ ಕಿತ್ತುಹಾಕಬೇಕೆಂದು ಆಜ್ಞೆ ಮಾಡಿತು.

ಹಾಗಿದ್ದರೆ ಬೀದಿಮರಕ್ಕೂ ಪಾತಿ ಮಾಡಲು ಸಾಧ್ಯವೇ? ಸಾಧ್ಯ. ಎಂಜಿನಿಯರುಗಳು ಅದನ್ನು ಸ್ಟಾರ್ಮ್‌ವಾಟರ್ ಪ್ಲಾಂಟರ್ ಎನ್ನುತ್ತಾರೆ. ಮಳೆನೀರಿನ ಪಾತಿ ಎಂದರೂ ಅದೇ ಅರ್ಥ. ಅಂಗಡಿಯ ಮುಂದೆ ಇಡುವ ಹೂಕುಂಡಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹೂಕುಂಡ ನೆಲಕ್ಕಿಂತ ಮೇಲಿರುತ್ತದೆ, ಅದಕ್ಕೆ ಯಾರಾದರೂ ನೀರು ತಂದು ಹಾಕಬೇಕು. ಮಳೆನೀರಿನ ಪಾತಿ ರಸ್ತೆಗಿಂತ ತಗ್ಗಿನಲ್ಲಿರುತ್ತದೆ, ನೀರು ತಾನಾಗಿ ಬರುತ್ತದೆ.

ರಸ್ತೆಗೂ ಫುಟ್‌ಪಾತ್‌ಗೂ ನಡುವೆ ಒಂದೂವರೆ ಮೀಟರ್ ಅಗಲದ ಉದ್ದನೆಯ ತೊಟ್ಟಿಯನ್ನು ಊಹಿಸಿಕೊಳ್ಳಿ. ರಸ್ತೆಯ ಅಂಚುಕಲ್ಲಿನಲ್ಲಿ ಒಂದಡಿ ಅಗಲದ ಬಾಯಿ. ಮಳೆನೀರು ರಸ್ತೆಯ ಇಳಿಜಾರಿನಲ್ಲಿ ಹರಿದು ಬಂದು ಆ ಬಾಯಿಯಿಂದ ಒಳಗೆ ಬೀಳುತ್ತದೆ. ಬೀಳುವ ಜಾಗದಲ್ಲಿ ಕಲ್ಲುಚಪ್ಪಡಿ. ಕಸ, ಮರಳು, ಪ್ಲಾಸ್ಟಿಕ್ ಚೀಲ ಅಲ್ಲೇ ತಡೆಯುತ್ತವೆ, ವಾರಕ್ಕೊಮ್ಮೆ ಬಾಚಿ ತೆಗೆಯಬಹುದು. ತೊಟ್ಟಿಯಲ್ಲಿ ನೀರು ಸುಮಾರು 15 ಸೆಂಟಿಮೀಟರ್ ನಿಲ್ಲುತ್ತದೆ. ಅದರಡಿ ಮರಳು ಹೆಚ್ಚಿರುವ ಮಣ್ಣು, ಜತೆಗೆ ಒಂದಿಷ್ಟು ಕಾಂಪೋಸ್ಟ್. ಅದರಡಿ ಜಲ್ಲಿ. ಜಲ್ಲಿಯ ನಡುವೆ, ನೆಲ ಬೇಗ ಇಂಗದ ಕಡೆಗಳಲ್ಲಿ, ತೂತುಗಳಿರುವ ಒಂದು ಕೊಳವೆ. ನೀರು ಸೋಸಿಕೊಂಡು ಇಳಿಯುವಾಗ ವಾಹನಗಳು ಉದುರಿಸಿದ ಎಣ್ಣೆಯ ಪಸೆ, ಟೈರಿನ ಪುಡಿ, ಧೂಳಿನ ಜತೆ ಬಂದ ಸತುವಿನಂಥ ಲೋಹಗಳು ಬಹುಮಟ್ಟಿಗೆ ಮಣ್ಣಿನಲ್ಲೇ ಉಳಿಯುತ್ತವೆ. ಎಣ್ಣೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನವಾಗಿ ಜೀರ್ಣಿಸುತ್ತವೆ. ಮಳೆಯ ಮೊದಲ ಹತ್ತು ನಿಮಿಷದ ನೀರೇ ಅತಿ ಕೊಳಕು. ಪಾತಿ ಹಿಡಿಯುವುದು ಮುಖ್ಯವಾಗಿ ಆ ಮೊದಲ ನೀರನ್ನೇ.

ಪಾತಿ ತುಂಬಿದರೆ? ಅದಕ್ಕೊಂದು ಕೋಡಿ. ಕೋಡಿ ಹರಿದ ನೀರು ಮುಂದಿನ ಪಾತಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಈ ಸೀಮೆಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುವ ಸರಣಿ ಕೆರೆಗಳನ್ನು ಅವರು ಬಾಲ್ಯದಿಂದ ಕಂಡವರು. ಕುಣಿಗಲ್ ಕೆರೆಯ ಮೇಲಂತೂ ನಾಡಿಗೆಲ್ಲ ಗೊತ್ತಿರುವ ಜನಪದ ಹಾಡೇ ಇದೆ. ಬೀದಿಯ ಮಳೆಪಾತಿಗಳೆಂದರೆ ಗೇಣುದ್ದದ ಆಳದ ಪುಟಾಣಿ ಸರಣಿ ಕೆರೆಗಳು.

ಮತ್ತೆ ಲೆಕ್ಕಕ್ಕೆ ಬರೋಣ. 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಒಂದು ಪಾತಿಯಲ್ಲಿ 15 ಸೆಂಟಿಮೀಟರ್ ನೀರು ನಿಂತರೆ 900 ಲೀಟರ್. ಬೀದಿಯ ಎರಡೂ ಬದಿಗೆ 20 ಮೀಟರಿಗೊಂದರಂತೆ ಮಾಡಿದರೆ ಕಿಲೋಮೀಟರಿಗೆ ನೂರು ಪಾತಿ, 90,000 ಲೀಟರ್. ಅಂದರೆ 10 ಮಿಲಿಮೀಟರ್ ಮಳೆಯ ಮುಕ್ಕಾಲು ಪಾಲು ಪಾತಿಗಳಲ್ಲೇ ನಿಂತಿತು. ಮಳೆ ಬರುತ್ತಿರುವಾಗಲೂ ನೀರು ಇಂಗುತ್ತಲೇ ಇರುವುದರಿಂದ ಉಳಿದ ಕಾಲು ಪಾಲಿನ ಬಹುಭಾಗವೂ ದಕ್ಕೀತು. ಆದರೆ 50 ಮಿಲಿಮೀಟರ್‌ನ ಜಡಿಮಳೆ ಬಂದರೆ? ಆಗ ಬೀದಿಯ ಮೇಲೆ ಬಿದ್ದದ್ದು 6 ಲಕ್ಷ ಲೀಟರ್. ಪಾತಿಗಳು ಅದರ ಆರರಲ್ಲಿ ಒಂದು ಪಾಲನ್ನೂ ಹಿಡಿಯಲಾರವು. ಆದ್ದರಿಂದ ಮಳೆನೀರಿನ ಚರಂಡಿ ಬೇಕೇ ಬೇಕು. ಪಾತಿ ಇರುವುದು ಚರಂಡಿಯ ಬದಲಿಗೆ ಅಲ್ಲ, ಚರಂಡಿಯ ಹೊರೆ ಇಳಿಸಲು.

ಎಲ್ಲಿ ಮಾಡಿದ್ದಾರೆ?

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 2005ರಲ್ಲಿ ವಿಶ್ವವಿದ್ಯಾಲಯದ ಪಕ್ಕದ ಒಂದು ಬೀದಿಯಲ್ಲಿ ಇಂಥ ನಾಲ್ಕು ಪಾತಿಗಳನ್ನು ಸಾಲಾಗಿ ಮಾಡಿದರು. ಕಾರು ನಿಲ್ಲಿಸುವ ಬೀದಿಯಾದ್ದರಿಂದ, ಇಳಿಯುವವರು ಪಾತಿಯೊಳಗೆ ಕಾಲಿಡದಂತೆ ಮೂರಡಿ ಕಲ್ಲುಹಾಸನ್ನೂ ಬಿಟ್ಟರು. ಯೋಜನೆ ಎಂದರೆ ಹೀಗೆ ಸಣ್ಣ ಸಂಗತಿಯನ್ನೂ ನೋಡುವುದು. ಆ ನಾಲ್ಕು ಪಾತಿಗಳನ್ನು ನೋಡಿ ಎಷ್ಟೋ ಊರುಗಳು ಪಾಠ ಕಲಿತವು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದವರು ಇನ್ನೊಂದು ಉಪಾಯ ಕಂಡುಕೊಂಡರು. ಸೊರಗಿದ ಬೀದಿಮರಗಳ ಬುಡದಲ್ಲಿ ದಪ್ಪ ಜಲ್ಲಿಕಲ್ಲು ತುಂಬಿ, ಕಲ್ಲಿನ ಸಂದಿಗಳಲ್ಲಿ ಮಣ್ಣು, ಇದ್ದಿಲ ಚೂರು ಸೇರಿಸಿ, ಮಳೆನೀರನ್ನು ಅದರೊಳಗೆ ಬಿಟ್ಟರು. ಮೇಲೆ ಜನ ನಡೆಯಬಹುದು, ಕಲ್ಲು ಭಾರ ಹೊರುತ್ತದೆ. ಕೆಳಗೆ ಸಂದಿಗಳಲ್ಲಿ ಗಾಳಿ ನೀರು ಸಿಕ್ಕ ಬೇರು ಹಿಗ್ಗುತ್ತದೆ. ಸಿಂಗಪುರ 2006ರಿಂದ ಇಂಥ ಕೆಲಸವನ್ನು ಇಡೀ ನಗರದ ನೀತಿಯಾಗಿಯೇ ಹಿಡಿದಿದೆ.

ಇವನ್ನು ಹಾಗೇ ತಂದು ತುಮಕೂರಿನಲ್ಲಿ ಇಳಿಸಿದರೆ ನಡೆಯುವುದಿಲ್ಲ. ಪೋರ್ಟ್‌ಲೆಂಡಿನಲ್ಲಿ ಚಳಿಗಾಲವೆಲ್ಲ ಜಿಟಿಜಿಟಿ ಮಳೆ. ಇಲ್ಲಿ ವರ್ಷದ ಮಳೆಯ ಬಹುಪಾಲು ಕೆಲವೇ ದಿನಗಳಲ್ಲಿ ಧೋ ಎಂದು ಸುರಿದುಹೋಗುತ್ತದೆ. ಆಮೇಲೆ ಜನವರಿಯಿಂದ ಏಪ್ರಿಲ್‌ವರೆಗೆ ಹನಿಯಿಲ್ಲ. ಹಾಗಾಗಿ ಇಲ್ಲಿಯ ಪಾತಿಗೆ ಎರಡು ದಿನ ನೀರಲ್ಲಿ ನಿಂತರೂ ಕೊಳೆಯದ, ನಾಲ್ಕು ತಿಂಗಳು ಒಣಗಿದರೂ ಸಾಯದ ಗಿಡ ಬೇಕು. ಅಂಥ ಗಿಡಗಳು ನಮ್ಮಲ್ಲೇ ಇವೆ. ಲಾವಂಚದ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿದಿಡುತ್ತದೆ. ಮರಗಳಲ್ಲಿ ಹೊಂಗೆ, ಹೊಳೆದಂಡೆಯ ಹೊಳೆಮತ್ತಿ, ನೇರಳೆ ಇಂಥವು. ಹೊಂಗೆಯ ನೆರಳು ತಾಯಿಯ ಮಡಿಲಿನಂತೆ ಎಂದು ಹಳ್ಳಿಯವರು ಸುಮ್ಮನೆ ಹೇಳುವುದಿಲ್ಲ. ಬಿರುಬೇಸಿಗೆಯಲ್ಲಿ ಡಾಂಬರಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಅದೇ ರಸ್ತೆಯಲ್ಲಿ ಹೊಂಗೆಯ ನೆರಳಿರುವೆಡೆ ಬರಿಗಾಲಿನಲ್ಲಿ ನಿಲ್ಲಬಹುದು. ಎಲೆಯ ತುಂಬ ಹಣ್ಣುದುರಿಸುವ ನೇರಳೆಯನ್ನು ಮಾತ್ರ ಅಂಗಡಿಯ ಬಾಗಿಲಲ್ಲಲ್ಲ, ಉದ್ಯಾನದ ಅಂಚಿನಲ್ಲಿ ನೆಡುವುದು ಜಾಣತನ.

ಬೀದಿಯನ್ನು ಅಡಿಯಿಂದ ಸರಿಮಾಡಬೇಕೆಂಬ ಪಾಠಕ್ಕೆ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ 2010ರ ದಶಕದಲ್ಲಿ ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದವನ್ನು ಟೆಂಡರ್‌ಶ್ಯೂರ್ ಎಂಬ ಕ್ರಮದಲ್ಲಿ ಕಟ್ಟಿದರು. ವಿದ್ಯುತ್, ಟೆಲಿಫೋನ್, ನೀರು, ಒಳಚರಂಡಿ ಎಲ್ಲಕ್ಕೂ ನೆಲದಡಿ ಅವುಗಳದೇ ಜಾಗ, ಮೇಲೆ ಅಗಲವಾದ ಫುಟ್‌ಪಾತ್. ಖರ್ಚು ಹೆಚ್ಚಾಯಿತು ಎಂಬ ಟೀಕೆಯೂ ಬಂತು. ಆದರೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಫುಟ್‌ಪಾತ್ ಮೇಲೆ ನಡೆಯಬಹುದು ಎಂಬುದನ್ನು ಬೆಂಗಳೂರಿಗರು ಅಲ್ಲಿ ಕಂಡರು. ಆ ಶಿಸ್ತಿನ ಜತೆಗೆ ಪಾತಿಯನ್ನೂ ಸೇರಿಸಿದರೆ ಬೀದಿ ಪೂರ್ಣವಾಗುತ್ತದೆ.

ದೀಪದ ಕೆಳಗೆ ಕತ್ತಲು

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕತೆಯನ್ನು ಮಕ್ಕಳಿಗೆ ಹೇಳದ ತಂದೆ ತಾಯಿ ಕಡಿಮೆ. ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿದೀಪ ಕಂಡ ನಗರಗಳ ಸಾಲಿನಲ್ಲಿ ಬೆಂಗಳೂರನ್ನು ಹೇಳುವುದುಂಟು. ಅಲ್ಲಿ 1905ರ ಆಗಸ್ಟ್ 5ರಂದು ಸಿಟಿ ಮಾರ್ಕೆಟ್ ಬಳಿ ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಬೆಳಗಿತು. ಈಗ ಎಲ್‌ಇಡಿ ಕಾಲ. 2015ರಲ್ಲಿ ಶುರುವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದಿಂದ ಹಳದಿ ಸೋಡಿಯಂ ದೀಪಗಳು ಹಲವೆಡೆ ಮಾಯವಾಗಿ, ಕಡಿಮೆ ಕರೆಂಟಿನಲ್ಲಿ ಬಿಳಿ ಬೆಳಕು ಬಂದಿದೆ.

ಆದರೂ ಸಂಜೆ ಟ್ಯೂಶನ್ ಮುಗಿಸಿ ಬರುವ ಹುಡುಗಿಯ ಹಾದಿ ಮಾತ್ರ ಕತ್ತಲು. ಏಕೆ? ದೀಪದ ಕಂಬ ಮೂವತ್ತಡಿ ಎತ್ತರ. ಅದು ನಿಂತಿರುವುದು ವಾಹನಗಳಿಗಾಗಿ. ಮರದ ಕೊಂಬೆಗಳು ಇಪ್ಪತ್ತಡಿಯಲ್ಲಿ ಹರಡಿವೆ. ಬೆಳಕೆಲ್ಲ ಎಲೆಗಳ ಬೆನ್ನಿಗೆ, ಕತ್ತಲೆಲ್ಲ ನಡೆಯುವವರ ಪಾಲಿಗೆ. ಆಗ ಏನು ಮಾಡುತ್ತಾರೆ? ಕೊಂಬೆ ಕಡಿಯುತ್ತಾರೆ. ಒಂದೇ ಬದಿಯ ಕೊಂಬೆ ಕಡಿದ ಮರ ವಾಲುತ್ತದೆ. ಮತ್ತೆ ಅದೇ ಕತೆ.

ಬಿಡಿಸುವ ದಾರಿ ಸುಲಭ. ಮರ ಮತ್ತು ದೀಪಗಳ ಜಾಗವನ್ನು ಒಂದೇ ನಕ್ಷೆಯಲ್ಲಿ ಗುರುತಿಸಬೇಕು. ಎರಡು ಮರಗಳ ನಡುವೆ ಒಂದು ದೀಪ. ನಡೆಯುವವರಿಗಾಗಿ ಕೊಂಬೆಗಳಿಗಿಂತ ಕೆಳಗೆ, ಹನ್ನೆರಡು ಹದಿನೈದು ಅಡಿಯ ಗಿಡ್ಡ ಕಂಬ. ಬೆಳಕು ಕಣ್ಣಿಗೆ ರಾಚದಂತೆ, ಆಕಾಶಕ್ಕೆ ಸೋರದಂತೆ ಮೇಲೆ ಮುಚ್ಚಳ. ಕಣ್ಣು ಕುಕ್ಕುವ ನೀಲಿ ಬಿಳುಪಿನ ಬದಲು ತುಸು ಹಳದಿಯ ಬಿಳಿ ಬೆಳಕಾದರೆ ಮರದ ಮೇಲಿನ ಹಕ್ಕಿಗಳಿಗೂ ನಿದ್ದೆ. ಕೇಬಲ್ ಎಳೆಯಲು ಬೇರು ಕಡಿಯದಂತೆ ಅದಕ್ಕೆ ಮೊದಲೇ ಕೊಳವೆ. ಇದರಲ್ಲಿ ಹೊಸ ವಿಜ್ಞಾನ ಏನೂ ಇಲ್ಲ. ಬೇಕಾದದ್ದು ತೋಟಗಾರಿಕೆಯವರು, ವಿದ್ಯುತ್ತಿನವರು, ರಸ್ತೆಯವರು ಒಂದೇ ಮೇಜಿನ ಸುತ್ತ ಕೂರುವುದು. ಅದೇ ಕಷ್ಟ.

ಆಕ್ಷೇಪಗಳಿಗೆ ಉತ್ತರವಿದೆಯೇ?

ಮೊದಲನೆಯದು ಸೊಳ್ಳೆ. ನೀರು ನಿಂತರೆ ಡೆಂಗೆ ಬರುವುದಿಲ್ಲವೇ ಎಂದು ತಾಯಂದಿರು ಕೇಳುವುದು ಸಹಜ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಸರಿಯಾಗಿ ಮಾಡಿದ ಪಾತಿಯಲ್ಲಿ ನೀರು ಒಂದೆರಡು ದಿನದಲ್ಲಿ ಇಂಗಿ ಹೋಗುತ್ತದೆ. ಇಂಗದಿದ್ದರೆ ಪಾತಿ ಕೆಟ್ಟಿದೆ ಎಂದರ್ಥ, ಮೇಲಿನ ಕೆಸರು ತೆಗೆಯಬೇಕು. ನಿಜವಾದ ಸೊಳ್ಳೆ ಕಾರ್ಖಾನೆ ಇರುವುದು ಚಪ್ಪಡಿ ಮುಚ್ಚಿದ, ಕೊಳೆತು ನಿಂತ ಚರಂಡಿಯಲ್ಲಿ.

ಎರಡನೆಯದು ಒಳಚರಂಡಿಯ ಕೊಳಚೆ. ಮಳೆನೀರಿನ ಚರಂಡಿಗೆ ಹೋಟೆಲಿನ, ಮನೆಗಳ ಕೊಳಚೆ ಸೇರಿಸಿರುವ ಬೀದಿಯಲ್ಲಿ ಪಾತಿ ಮಾಡಿ ಪ್ರಯೋಜನವಿಲ್ಲ. ಮೊದಲು ಅದನ್ನು ಬೇರ್ಪಡಿಸಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಮೂರನೆಯದು ಅಂಗಡಿಯವರ ಚಿಂತೆ. ಪಾತಿಗೆ ಜಾಗ ಕೊಟ್ಟರೆ ಗಿರಾಕಿ ಸ್ಕೂಟರ್ ಎಲ್ಲಿ ನಿಲ್ಲಿಸಬೇಕು? ನೂರು ಪಾತಿಗೆ ಬೇಕಾದದ್ದು ಬೀದಿಯ ನೂರರಲ್ಲಿ ಐದು ಪಾಲು ಜಾಗ ಮಾತ್ರ. ಆದರೂ ಎಲ್ಲಿ ಪಾತಿ, ಎಲ್ಲಿ ವಾಹನ, ಎಲ್ಲಿ ತರಕಾರಿ ಗಾಡಿ ಎಂಬುದನ್ನು ಅಂಗಡಿಯವರನ್ನೂ ಗಾಡಿಯವರನ್ನೂ ಕೂರಿಸಿಕೊಂಡೇ ಗುರುತಿಸಬೇಕು. ಕೇಳದೆ ಮಾಡಿದ ಪಾತಿ ಆರು ತಿಂಗಳಲ್ಲಿ ಕಸದ ತೊಟ್ಟಿಯಾಗುತ್ತದೆ.

ನಾಲ್ಕನೆಯದೇ ದೊಡ್ಡದು. ಉದ್ಘಾಟನೆಯ ಮರುದಿನದಿಂದ ನೋಡಿಕೊಳ್ಳುವವರು ಯಾರು? ರಸ್ತೆ ಕಟ್ಟಲು ದುಡ್ಡಿರುತ್ತದೆ, ಗಿಡಕ್ಕೆ ಮೂರು ಬೇಸಿಗೆ ನೀರು ಹಾಕಲು ಇರುವುದಿಲ್ಲ. ಪಾತಿಯ ನೀರು ಬೇಸಿಗೆಗೆ ಸಾಲದು. ಬೇರು ಆಳಕ್ಕೆ ಇಳಿಯುವವರೆಗೆ, ಮೊದಲ ಎರಡು ಮೂರು ವರ್ಷ, ಕೈಯಿಂದಲೇ ನೀರು ಹಾಕಬೇಕು. ಗುತ್ತಿಗೆಯ ಕರಾರಿನಲ್ಲೇ ಇದನ್ನು ಬರೆಯದಿದ್ದರೆ ನೆಟ್ಟ ಗಿಡದ ಫೋಟೊ ಉಳಿಯುತ್ತದೆ, ಗಿಡ ಉಳಿಯುವುದಿಲ್ಲ.

ಬಿಂದಿಗೆ ಹೊತ್ತವಳು

ಈ ಮಾತನ್ನು ಯಾವ ಎಂಜಿನಿಯರಿಗಿಂತಲೂ ಚೆನ್ನಾಗಿ ಬಲ್ಲವಳು ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕುಣಿಗಲ್ಲಿಗೆ ನೆರೆಯ ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮಕ್ಕೆ ಮದುವೆಯಾಗಿ ಹೋದಳು. ಗಂಡ ಚಿಕ್ಕಯ್ಯನ ಜತೆ ಕೂಲಿ ಮಾಡುತ್ತಲೇ ಹುಲಿಕಲ್‌ನಿಂದ ಕುದೂರಿನ ಹಾದಿಯುದ್ದಕ್ಕೂ ಆಲದ ಸಸಿ ನೆಟ್ಟಳು. ಮೊದಲ ವರ್ಷ ಹತ್ತೇ ಹತ್ತು. ಮರುವರ್ಷ ಹದಿನೈದು. ಬಿಂದಿಗೆಯಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು, ದನ ಮೇಯದಂತೆ ಮುಳ್ಳು ಕಟ್ಟಿದರು. ನೆಡುತ್ತಿದ್ದದ್ದು ಮಳೆಗಾಲಕ್ಕೆ ಮುಂಚೆ, ಆಕಾಶದ ನೀರು ಸಸಿಗೆ ದಕ್ಕಲಿ ಎಂದು. ಆ ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡಲು ಅವಳ ಮರಗಳಿಗೇ ಕುತ್ತು ಬಂದಾಗ ಅವಳು ಮುಖ್ಯಮಂತ್ರಿಯವರ ಮೊರೆಹೋದಳು, ಮರ ಉಳಿಸಿಯೇ ರಸ್ತೆ ಮಾಡಬೇಕೆಂದು ಸರ್ಕಾರ ಸೂಚಿಸಿತು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡಳು. ಮರಗಳು ನಿಂತಿವೆ.

ಒಂದೇ ದಿನ ಸಾವಿರ ಗಿಡ ನೆಡುವ ಸಮಾರಂಭಗಳು ಅವಳಿಂದ ಕಲಿಯಬೇಕಾದದ್ದು ಇಷ್ಟೇ: ಹತ್ತು ನೆಡಿ, ಹತ್ತನ್ನೂ ಉಳಿಸಿ, ಆಮೇಲೆ ಹದಿನೈದು.

ಮಕ್ಕಳು ಏನು ಮಾಡಬಹುದು?

ಎರಡು ಹಳೆಯ ಬಕೆಟ್‌ಗಳ ತಳಕ್ಕೆ ತೂತು ಕೊರೆಯಿರಿ. ಒಂದಕ್ಕೆ ರಸ್ತೆ ಬದಿಯ ಮಣ್ಣನ್ನು ತುಳಿದು ಗಟ್ಟಿಮಾಡಿ ತುಂಬಿ. ಇನ್ನೊಂದಕ್ಕೆ ಕೆಳಗೆ ಜಲ್ಲಿ, ಮೇಲೆ ಮರಳು ಮತ್ತು ಕಾಂಪೋಸ್ಟ್ ಹಾಕಿ. ಎರಡಕ್ಕೂ ಒಂದೊಂದು ಲೀಟರ್ ಕೆಸರುನೀರು ಸುರಿದು, ಗಡಿಯಾರ ಹಿಡಿದು ಕೂರಿ. ಯಾವುದರಲ್ಲಿ ನೀರು ಎಷ್ಟು ಹೊತ್ತಿಗೆ ಇಳಿಯಿತು, ಯಾವ ಬಣ್ಣದಲ್ಲಿ ಇಳಿಯಿತು ಎಂದು ಬರೆದುಕೊಳ್ಳಿ. ಅಪ್ಪ ಅಮ್ಮನ ಜತೆ ನಿಮ್ಮ ಶಾಲೆಯ ಬೀದಿಯಲ್ಲಿ ಒಂದು ಸುತ್ತು ಹೋಗಿ. ಎಷ್ಟು ಮರ, ಎಷ್ಟರ ಕತ್ತಿಗೆ ಸಿಮೆಂಟು, ಯಾವ ದೀಪ ಎಲೆಯೊಳಗೆ ಅಡಗಿದೆ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆ ಬರೆಯಿರಿ. ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಾಗಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ನಕ್ಷೆಯನ್ನು ಅಟ್ಟಕ್ಕೆ ಎಸೆಯಬೇಡಿ. ಪಾಲಿಕೆಯ ಅಥವಾ ಪುರಸಭೆಯ ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರ ಆಕ್ಷೇಪಣೆಗಳನ್ನು ಕೇಳಲೇಬೇಕು. ಆಗ ಕೂಗಾಡುವವನಿಗಿಂತ ನಕ್ಷೆ ಹಿಡಿದು ನಿಂತವನ ಮಾತಿಗೆ ತೂಕ ಹೆಚ್ಚು.

ಇಷ್ಟಕ್ಕೂ ಕಾಯುವ ತಾಳ್ಮೆ ಇಲ್ಲದವರು ಈ ಭಾನುವಾರವೇ ಶುರುಮಾಡಬಹುದು. ಮನೆಯ ಮುಂದಿನ ಮರದ ಬುಡ ನೋಡಿ. ಅಲ್ಲಿ ಸಿಮೆಂಟು ಮೆತ್ತಿದ್ದರೆ, ಬೀದಿಯವರನ್ನೂ ಪಾಲಿಕೆಯವರನ್ನೂ ಕೇಳಿಕೊಂಡು, ಬೇರಿಗೆ ಏಟಾಗದಂತೆ ಒಂದು ಮೊಳದಷ್ಟು ಬಿಡಿಸಿ. ಮಣ್ಣು ಸಡಿಲಿಸಿ, ಒಂದು ಬುಟ್ಟಿ ಒಣಗಿದ ಎಲೆ ಹರಡಿ. ತೋಟದಲ್ಲಿ ಅಜ್ಜ ತೆಂಗಿಗೆ ಮಾಡುತ್ತಿದ್ದ ಕೆಲಸವನ್ನೇ ಮೊಮ್ಮಗಳು ಬೀದಿಮರಕ್ಕೆ ಮಾಡಿದಳು, ಅಷ್ಟೇ. ಮುಂದಿನ ಮಳೆಗೆ ಆ ಪಾತಿಯಲ್ಲಿ ನೀರು ಗುಳುಗುಳು ಇಳಿಯುವ ಸದ್ದು ಕೇಳಿಸುತ್ತದೆ.